ಪದ್ಮಿನಿಯ ಆಭರಣ
ಇಟಲಿಯ ಫಿಯಟ್ 1100 ಡಿ ಮಾದರಿಯನ್ನು ಅನುಸರಿಸಿ ಮುಂಬಯಿಯ ಕುರ್ಲಾದಲ್ಲಿ ನಿರ್ಮಾಣಗೊಂಡು, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ನಾಮಧೇಯವನ್ನು ತಳೆದ ಆ ಪುಟ್ಟ ಕಾರಿನ ಉತ್ಪಾದನೆಯು ಶತಮಾನದ ತಿರುವಿನಲ್ಲಿ ನಿಂತುಹೋದ ಬಳಿಕ, ಅದರ ಪಾರ್ಶ್ವಗಳನ್ನು ಅಲಂಕರಿಸಿದ್ದ ಹೊಳಪಿನ ಪಟ್ಟಿಗಳು ಅಂಗಡಿಗಳಿಂದ ಕ್ರಮೇಣ ಕಣ್ಮರೆಯಾದುವು; ಗುಜರಿಯ ರಾಶಿಯಲ್ಲಿ ದೊರೆತ ತುಂಡೇ ಮಾಲೀಕನಿಗೆ ನಿಧಿಯಾಯಿತು. ನಗ್ಗಿದ ಪಟ್ಟಿಯನ್ನು ಮರದ ಅಚ್ಚಿನ ಮೇಲೆ ಬೋರಲಿಟ್ಟು, ಒಳಮೈಯಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಮೆಲ್ಲನೆ ತಟ್ಟಿ, ಅರದಿಂದ ಉಜ್ಜಿ, ತಿರುಗುವ ಬಟ್ಟೆಯ ಚಕ್ರಕ್ಕೆ ಒಡ್ಡಿ ಹೊಳಪೇರಿಸುವ ಕುಶಲಕರ್ಮಿಯ ಕಾರ್ಯವನ್ನು ನಾನು ಶಿಲ್ಪವೆಂದೇ ಗಣಿಸುತ್ತೇನೆ. ಉಕ್ಕಿನ ಬಂಪರಾದರೆ ತಾಮ್ರ, ನಿಕ್ಕಲ್, ಕ್ರೋಮಿಯಂಗಳ ಲೇಪವೂ ಬೇಕು. ಕಟ್ಟಕಡೆಯ ಆ ಕ್ರೋಮಿಯಂ ಪದರವಾದರೋ ಅತ್ಯಂತ ತೆಳುವಾದುದರಿಂದ ಕೆಳಗಿನ ಲೋಹದ ಒಂದು ಗೀರನ್ನೂ ಮರೆಮಾಡಲಾರದು.