ಡ್ರೋನ್ ದಾಳಿ ಮತ್ತು ಟ್ಯಾಂಕ್ ಸಿಬ್ಬಂದಿಯ ಉಳಿವು: ಒಂದು ಚಾರಿತ್ರಿಕ ಅವಲೋಕನ

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕನ್ನು ಕಣಕ್ಕಿಳಿಸಿದರು. ಅಂದಿನಿಂದ ಟ್ಯಾಂಕಿನ ಇತಿಹಾಸವನ್ನು ಬಹುಮಟ್ಟಿಗೆ ಕವಚಕ್ಕೂ ಅದನ್ನು ಭೇದಿಸುವ ಅಸ್ತ್ರಕ್ಕೂ ನಡೆದ ಪೈಪೋಟಿಯೆಂದೇ ಬರೆಯಲಾಗಿದೆ. ಒಳಗಿದ್ದವರ ಗತಿ ಏನಾಯಿತೆಂಬ ಪ್ರಶ್ನೆ ಹಿಂದೆ ಸರಿದಿದೆ. 2020ರ ನಗೋರ್ನೊ-ಕರಬಾಖ್ ಯುದ್ಧ ಹಾಗೂ 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಆರಂಭಿಸಿದ ಪೂರ್ಣಪ್ರಮಾಣದ ಆಕ್ರಮಣ ಈ ಪ್ರಶ್ನೆಯನ್ನು ಮುನ್ನೆಲೆಗೆ ತಂದಿವೆ.

ಶತ್ರು ಎದುರಿನಿಂದ ಬರುವನೆಂಬ ಎಣಿಕೆಯಲ್ಲಿ ಟ್ಯಾಂಕಿನ ಮುಂಭಾಗಕ್ಕೆ ದಪ್ಪನೆಯ ಕವಚವಿರುತ್ತದೆ. ಮೇಲ್ಭಾಗದ ಹಾಗೂ ಹಿಂಭಾಗದ ಕವಚ ತೆಳು. ಕರಬಾಖ್‌ನಲ್ಲಿ ಅಜರ್‌ಬೈಜಾನ್ ಬಳಸಿದ ಟರ್ಕಿಯ ಬೈರಕ್ತಾರ್ ಟಿಬಿ-2 ಡ್ರೋನ್‌ಗಳು ಎತ್ತರದಿಂದ ಈ ದೌರ್ಬಲ್ಯಕ್ಕೇ ಗುರಿಯಿಟ್ಟವು. ಉಕ್ರೇನಿನಲ್ಲಿ ಕ್ಯಾಮೆರಾದ ನೋಟವನ್ನು ಅನುಸರಿಸಿ ನಡೆಸುವ ಅಗ್ಗದ ಎಫ್‌ಪಿವಿ ಡ್ರೋನ್‌ಗಳು ಆರ್‌ಪಿಜಿಯ ಸಿಡಿತಲೆ ಹೊತ್ತು ಅದೇ ಕೆಲಸವನ್ನು ಮಾಡಿದವು.

ಆದರೆ ಕವಚ ಭೇದಿಸಲ್ಪಟ್ಟ ಮಾತ್ರಕ್ಕೆ ಸಿಬ್ಬಂದಿ ಸಾಯಲೇಬೇಕೆಂದಿಲ್ಲ. ಮದ್ದುಗುಂಡುಗಳನ್ನು ಎಲ್ಲಿ ಇರಿಸಲಾಗಿದೆ ಎಂಬುದು ಇಲ್ಲಿ ನಿರ್ಣಾಯಕ. ಸೋವಿಯತ್ ಟಿ-72ರಲ್ಲಿ ತೋಪಿಗೆ ತಾನೇ ಗುಂಡು ತುಂಬುವ ಯಂತ್ರದ 22 ಗುಂಡುಗಳು ಗೋಪುರದ ಕೆಳಗೆ ವರ್ತುಲಾಕಾರದಲ್ಲಿರುತ್ತವೆ. ಉಳಿದವು ಮೂವರು ಸಿಬ್ಬಂದಿಯ ಸುತ್ತಮುತ್ತಲೇ ಇರುತ್ತವೆ. ಇವು ಸ್ಫೋಟಿಸಿದರೆ ಗೋಪುರವೇ ಕಿತ್ತು ಹಾರುತ್ತದೆ, ಬದುಕುಳಿಯುವ ಸಂಭವ ಅತ್ಯಲ್ಪ. 1991ರ ಕೊಲ್ಲಿ ಯುದ್ಧದಲ್ಲಿಯೇ ಕಂಡಿದ್ದ ಈ ದೋಷವನ್ನು ಡ್ರೋನ್ ಹೊಸದಾಗಿ ಸೃಷ್ಟಿಸಲಿಲ್ಲ, ಬಯಲಿಗೆಳೆಯಿತು ಅಷ್ಟೆ. 1980ರಲ್ಲಿ ಸೇವೆಗೆ ಬಂದ ಅಮೆರಿಕದ ಅಬ್ರಾಮ್ಸ್‌ನಲ್ಲಾದರೋ ಬಹುಪಾಲು ಗುಂಡುಗಳು ಗೋಪುರದ ಹಿಂಬದಿಯ ಪ್ರತ್ಯೇಕ ಕೋಣೆಯಲ್ಲಿರುತ್ತವೆ. ಅವು ಹೊತ್ತಿಕೊಂಡರೆ ಕೋಣೆಯ ಮೇಲ್ಫಲಕಗಳು ಕಳಚಿ ಜ್ವಾಲೆ ಹೊರಕ್ಕೆ ಹೋಗುತ್ತದೆ. ನಡುವಿನ ಉಕ್ಕಿನ ಬಾಗಿಲು ಸಿಬ್ಬಂದಿಯನ್ನು ಕಾಯುತ್ತದೆ. ಇದನ್ನು ಪೂರ್ವ-ಪಶ್ಚಿಮಗಳ ಸರಳ ಭೇದವೆಂದು ತಿಳಿಯಲಾಗದು. ಜರ್ಮನಿಯ ಲೆಪರ್ಡ್-2ರಲ್ಲಿಯೂ ಹೆಚ್ಚಿನ ಗುಂಡುಗಳು ಚಾಲಕನ ಪಕ್ಕದಲ್ಲಿ, ಇಂಥ ರಕ್ಷಣೆಯಿಲ್ಲದೆ ಇರುತ್ತವೆ.

ಡ್ರೋನ್ ನಿಜವಾಗಿ ಬದಲಿಸಿದ್ದು ಟ್ಯಾಂಕಿನಿಂದ ಹೊರಬಂದ ನಂತರದ ಕ್ಷಣಗಳನ್ನು. ಮೊದಲು, ಕೆಟ್ಟುನಿಂತ ಟ್ಯಾಂಕಿನಿಂದ ಇಳಿದು ಓಡಿದವನಿಗೆ ಬದುಕುವ ಅವಕಾಶವಿತ್ತು. ಈಗ ಮೇಲಿಂದ ನೋಡುತ್ತಿರುವ ಮತ್ತೊಂದು ಡ್ರೋನ್ ಅವನನ್ನು ಬೆನ್ನಟ್ಟುತ್ತದೆ. ರಕ್ಷಣೆಗೆಂದು ಅಳವಡಿಸಿದ ಲೋಹದ ಪಂಜರಗಳು ಕೆಲವೊಮ್ಮೆ ಹೊರಬರುವ ದಾರಿಗೇ ಅಡ್ಡಿಯಾಗುತ್ತವೆ.

ಆಕರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ದಾಳಿಯ ದೃಶ್ಯಗಳನ್ನು ಚಿತ್ರೀಕರಿಸುವವರು ಬಹುತೇಕ ದಾಳಿಕಾರರೇ. ಎಫ್‌ಪಿವಿ ಡ್ರೋನಿನ ಚಿತ್ರಿಕೆ ಅಪ್ಪಳಿಸಿದ ಕ್ಷಣಕ್ಕೇ ನಿಂತುಹೋಗುತ್ತದೆ. ಅವುಗಳಿಂದ ಟ್ಯಾಂಕುಗಳನ್ನು ಎಣಿಸಬಹುದು, ಮನುಷ್ಯರನ್ನಲ್ಲ. ಟಿ-72 ಮತ್ತು ಟಿ-90ಗಳನ್ನು ಬಳಸುತ್ತಿರುವ ಭಾರತಕ್ಕೂ ಇದು ದೂರದ ವಿಚಾರವಲ್ಲ. ಟ್ಯಾಂಕಿನ ನಾಶವನ್ನೂ ಸಿಬ್ಬಂದಿಯ ಸಾವನ್ನೂ ಬೇರೆಬೇರೆಯಾಗಿ ದಾಖಲಿಸಿದಾಗ ಮಾತ್ರ ಈ ಯುದ್ಧಗಳ ಚರಿತ್ರೆ ಪೂರ್ಣವಾದೀತು.