ಖಾಲಿ ಬಿಟ್ಟ ಒಂದು ಆಪರೇಷನ್ ಕೋಣೆ

ರಾತ್ರಿಯಿಂದ ಊಟ, ನೀರು ಬಿಟ್ಟು ಆಪರೇಷನ್‌ಗೆ ಕಾದು ಮಲಗಿದವರಿಗೆ ಮಧ್ಯಾಹ್ನ ಬಂದು "ಇವತ್ತು ಆಗಲ್ಲ, ಎಮರ್ಜೆನ್ಸಿ ಕೇಸ್ ಬಂದಿದೆ" ಅಂದರೆ ಹೇಗಿರುತ್ತದೆ ಅನ್ನುವುದು ಆಸ್ಪತ್ರೆಗೆ ಓಡಾಡಿದವರಿಗೆ ಗೊತ್ತು. ಜೊತೆಗೆ ಬಂದವರ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಕೇಳಿದರೆ ಸಿಗುವುದು ಒಂದೇ ಉತ್ತರ: ಬೆಡ್ ಸಾಲದು, ಓಟಿ ಸಾಲದು.

ಈ ತೊಂದರೆ ಶ್ರೀಮಂತ ದೇಶಗಳಿಗೂ ಇದೆ. ಇದಕ್ಕೆ ದಾರಿ ತೋರಿಸಿದ ಲೆಕ್ಕಕ್ಕೆ ನೂರು ವರ್ಷ ದಾಟಿದೆ.

ಆ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಟೆಲಿಫೋನ್ ಕಂಪನಿಯಲ್ಲಿ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನಲ್ಲಿ ಎರ್ಲಾಂಗ್ ಎಂಬ ಗಣಿತಜ್ಞ, ಇಷ್ಟು ಲೈನ್ ಇದ್ದರೆ ಎಷ್ಟು ಕರೆ ಸಿಗದೆ ಹೋಗುತ್ತವೆ ಎಂದು ಲೆಕ್ಕ ಹಾಕಲು ಹೊರಟರು. 1909ರಲ್ಲಿ ಮೊದಲ ಬರಹ, 1917ರಲ್ಲಿ ಹೆಸರಾದ ಸೂತ್ರ ಬಂತು. ಲೈನ್ ಬದಲು ಬೆಡ್, ಕರೆ ಬದಲು ರೋಗಿ ಅಂದುಕೊಂಡರೆ ಅದೇ ಲೆಕ್ಕ ಆಸ್ಪತ್ರೆಗೂ ಕೂಡುತ್ತದೆ. ತುಂಬಿದ ಕೆರೆಗೆ ಮತ್ತೆ ಮಳೆ ಬಿದ್ದರೆ ನೀರು ಕೋಡಿ ಹರಿದು ಹೋಗುತ್ತದೆ. ಎಲ್ಲ ಬೆಡ್ ಸದಾ ತುಂಬಿರುವ ಆಸ್ಪತ್ರೆಯಲ್ಲೂ ಹಾಗೇ, ಹೊಸದಾಗಿ ಬಂದವರು ಬಾಗಿಲಲ್ಲೇ ಉಳಿಯುತ್ತಾರೆ.

1952ರಲ್ಲಿ ಇಂಗ್ಲೆಂಡಿನ ನಾರ್ಮನ್ ಬೈಲಿ ಹೊರರೋಗಿಗಳ ಸಾಲಿನ ಲೆಕ್ಕ ತೆಗೆದರು. ಎಲ್ಲರನ್ನೂ ಬೆಳಿಗ್ಗೆಯೇ ಕರೆಸಿ ಕೂರಿಸಬೇಡಿ, ಮೊದಲು ಇಬ್ಬರನ್ನು ಕರೆಯಿರಿ, ಆಮೇಲೆ ಅಳತೆಯ ಸಮಯಕ್ಕೆ ಒಬ್ಬೊಬ್ಬರನ್ನೇ ಕರೆಯಿರಿ ಅಂದರು. ಡಾಕ್ಟರೂ ಸುಮ್ಮನೆ ಕೂರುವುದಿಲ್ಲ, ರೋಗಿಯೂ ದಿನವಿಡೀ ಕಾಯುವುದಿಲ್ಲ.

ಆಪರೇಷನ್ ಕೋಣೆಯ ವಿಷಯದಲ್ಲಿ ಕಣ್ಣು ತೆರೆಸಿದ್ದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜಾನ್ಸ್ ಆಸ್ಪತ್ರೆ. ಅಲ್ಲಿ 32 ಓಟಿ, ವರ್ಷಕ್ಕೆ 30,000ಕ್ಕೂ ಹೆಚ್ಚು ಆಪರೇಷನ್. 2002ರ ಹೊತ್ತಿಗೆ ಎಲ್ಲ ಕೋಣೆಯೂ ಪೂರ್ತಿ ಬುಕ್. ತುರ್ತು ಕೇಸ್ ಬಂದರೆ ಮೊದಲೇ ದಿನ ಕೊಟ್ಟವರನ್ನು ಮುಂದಕ್ಕೆ ಹಾಕಬೇಕಿತ್ತು. ಕೆಲವು ಆಪರೇಷನ್ ನಡೆದದ್ದು ರಾತ್ರಿ ಎರಡು ಗಂಟೆಗೆ.

ಸಲಹೆಗಾರರು ಹೇಳಿದ್ದು ಕೇಳಿ ಎಲ್ಲರಿಗೂ ಸಿಟ್ಟು ಬಂತು: ಒಂದು ಓಟಿ ಖಾಲಿ ಬಿಡಿ, ತುರ್ತು ಕೇಸಿಗೆ ಮಾತ್ರ ಇರಲಿ. ಇರುವುದೇ ಸಾಲದಿರುವಾಗ ಖಾಲಿ ಬಿಡುವುದೇ? ಬಿಟ್ಟು ನೋಡಿದರು. ಮಾಡಿದ ಆಪರೇಷನ್‌ಗಳ ಸಂಖ್ಯೆ ಶೇ 5.1ರಷ್ಟು ಹೆಚ್ಚಾಯಿತು. ಕಾರಣ ಸರಳ. ತುರ್ತು ರೋಗಿ ಯಾವ ಗಳಿಗೆಗೆ ಬರುತ್ತಾರೆ ಎಂದು ಗೊತ್ತಿಲ್ಲ, ಆದರೆ ಬಂದೇ ಬರುತ್ತಾರೆ ಅನ್ನುವುದು ಗೊತ್ತು. ಅವರಿಗೆ ಜಾಗ ಇಟ್ಟರೆ ಉಳಿದವರ ಸರದಿ ಕೆಡುವುದಿಲ್ಲ.

ಬಾಸ್ಟನ್‌ನ ಯೂಜೀನ್ ಲಿಟ್ವಾಕ್ ಇನ್ನೊಂದು ಅಂಶ ತೋರಿಸಿದರು. ಬೆಡ್ ಬೇಡಿಕೆ ಏರುಪೇರಾಗಲು ಅಪಘಾತಗಳಿಗಿಂತ ಹೆಚ್ಚಾಗಿ ಆಸ್ಪತ್ರೆಯೇ ದಿನ ಕೊಟ್ಟ ಆಪರೇಷನ್‌ಗಳು ಕಾರಣ. ಎಲ್ಲರಿಗೂ ವಾರದ ಮೊದಲ ದಿನಗಳೇ ಬೇಕಾದರೆ ಆ ದಿನಗಳಲ್ಲಿ ಬೆಡ್ ಸಾಲದು, ಉಳಿದ ದಿನ ಖಾಲಿ.

ಸಾಫ್ಟ್‌ವೇರ್ ಬಂದದ್ದು ಇದೆಲ್ಲದರ ಮೇಲೆ. 2016ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಒಂದೇ ಕೋಣೆಯಲ್ಲಿ ಪರದೆಗಳನ್ನಿಟ್ಟು, ಯಾವ ಬೆಡ್ ಖಾಲಿ, ಯಾವುದು ಖಾಲಿಯಾಗಲಿದೆ, ಓಟಿಯಿಂದ ಯಾರು ಹೊರಬರಬೇಕು ಎಂದು ನೋಡತೊಡಗಿತು. ತುರ್ತು ವಿಭಾಗದ ರೋಗಿಗೆ ಬೆಡ್ ಗೊತ್ತುಮಾಡುವುದು ಶೇ 30ರಷ್ಟು ಬೇಗವಾಯಿತು ಎಂದು ಆಸ್ಪತ್ರೆ ಹೇಳಿತು.

ನಮ್ಮ ಸರ್ಕಾರಿ ಆಸ್ಪತ್ರೆಗಳಿಗೂ ಇ-ಹಾಸ್ಪಿಟಲ್ ಸಾಫ್ಟ್‌ವೇರ್ ಬಂದಿದೆ. ಚೀಟಿ ಕಂಪ್ಯೂಟರಿನಲ್ಲಿ ಬಂದ ಮಾತ್ರಕ್ಕೆ ಸರದಿ ಸರಿಯಾಗುವುದಿಲ್ಲ. ತುರ್ತು ಕೇಸಿಗೆ ಬೇರೆ ಸಮಯ ಇಟ್ಟಿದ್ದಾರೆಯೇ? ಆಪರೇಷನ್ ದಿನಗಳನ್ನು ವಾರಕ್ಕೆಲ್ಲ ಹಂಚಿದ್ದಾರೆಯೇ? ನಾಳೆ ಯಾವ ಬೆಡ್ ಖಾಲಿಯಾಗುತ್ತದೆ ಎಂದು ಇವತ್ತೇ ಬರೆದಿಡುತ್ತಾರೆಯೇ? ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪರಿಚಯದವರಿದ್ದರೆ ಈ ಮೂರು ಪ್ರಶ್ನೆ ಕೇಳಿ. ಹೊಸ ಕಟ್ಟಡಕ್ಕೆ ಹಣ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸ ಇದು.