ದಂಡು ಮತ್ತು ತಾಂಡಾ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ಮಲಪನಗುಡಿ ವಿಜಯನಗರದ ಹಳೆಯ ಉಪನಗರ. ಸುಮಾರು 1520ರಲ್ಲಿ ಈ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೀದಿಗಳಲ್ಲಿ ಹೇರೆತ್ತುಗಳು ಕಿಕ್ಕಿರಿದು ನಡೆಯಲು ತೆರವಿಲ್ಲದಿದ್ದುದನ್ನು ಬರೆದಿದ್ದಾನೆ. ಅವೆಲ್ಲ ಲಂಬಾಣಿಗರ ಎತ್ತುಗಳೆಂದು ಹೇಳುವ ಆತುರ ನಮಗೆ ಬೇಡ.

ಆದರೆ 18ನೆಯ ಶತಮಾನದಲ್ಲಿ ದಖ್ಖನಿನ ದಂಡುಗಳಿಗೆ ಧಾನ್ಯ ಸಾಗಿಸಿದವರಲ್ಲಿ ಲಂಬಾಣಿಗರೇ ಪ್ರಮುಖರು. ಅವರು ಯಾವ ಅರಸನ ಸಂಬಳದ ಆಳುಗಳೂ ಅಲ್ಲ. ಸ್ವಂತ ಎತ್ತು, ಸ್ವಂತ ಬಂಡವಾಳ. ಅಲ್ಲಲ್ಲಿ ಕೊಂಡ ಧಾನ್ಯವನ್ನು ದಂಡಿನ ಬಜಾರಿನಲ್ಲಿ ಮಾರುವರು. ಈ ವೃತ್ತಿಗೆ ಅವರ ನುಡಿಯಲ್ಲಿ ‘ಲದೇಣಿ’ ಎಂದು ಹೆಸರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಕಾಳಗವನ್ನು ಗೆದ್ದರೂ, ಅಕ್ಕಿ ತೀರಿ, ಎತ್ತುಗಳು ಸತ್ತು, ಮುತ್ತಿಗೆಯ ಫಿರಂಗಿಗಳನ್ನು ತಾನೇ ಕೆಡಿಸಿ ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗಬೇಕಾಯಿತು. 1792ರಲ್ಲಿ ಮರಳಿ ಬಂದಾಗ ಅವನ ದಂಡಿಗೆ ಲಂಬಾಣಿಗರ ಧಾನ್ಯದ ಆಸರೆಯಿತ್ತು. 1803ರ ಮರಾಠಾ ಯುದ್ಧದಲ್ಲಿ ವೆಲ್ಲೆಸ್ಲಿಯೂ ಅವರನ್ನು ನೆಚ್ಚಿದ್ದನು.

2003ರ ನಂತರ ಇರಾಕಿನಲ್ಲಿ ಅಮೆರಿಕದ ಸೈನಿಕರಿಗೆ ಊಟ, ಇಂಧನ ಒದಗಿಸಿದ ಖಾಸಗಿ ಗುತ್ತಿಗೆ ಕಂಪನಿಗಳನ್ನು ಹೊಸ ಸಂಗತಿಯೆಂದು ಬಣ್ಣಿಸುವವರು ಈ ಚರಿತ್ರೆಯನ್ನು ಗಮನಿಸಬೇಕು. ವ್ಯತ್ಯಾಸವೂ ಉಂಟು. ಕಂಪನಿಗೆ ಕರಾರುಪತ್ರದ ರಕ್ಷಣೆಯಿದೆ; ಲಂಬಾಣಿಗರಿಗೆ ಇದ್ದುದು ದಂಡಿನ ಅಗತ್ಯವೊಂದೇ. ರಸ್ತೆ, ರೈಲು ಬಂದು ಹೇರೆತ್ತು ಬೇಡವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದ ಮೇಲೆ, ಬ್ರಿಟಿಷರ ದಂಡಿಗೆ ಅನ್ನ ಸಾಗಿಸಿದ ಬಂಜಾರ ಸಮುದಾಯದ ಹಲವು ಗುಂಪುಗಳೇ ಬ್ರಿಟಿಷರ ಪೊಲೀಸ್ ಪಟ್ಟಿ ಸೇರಿದವು. ಆ ಕಾಯಿದೆ ರದ್ದಾದುದು 1952ರಲ್ಲಿ.

ಸಂಡೂರಿನ ಸುತ್ತ ಇಂದು ‘ತಾಂಡಾ’ ಎಂದರೆ ನೆಲೆನಿಂತ ಲಂಬಾಣಿ ವಸತಿ. ಮೊದಲು ಅದು ಹೇರು ಹೊತ್ತು ನಡೆಯುವ ಎತ್ತಿನ ಸಾಲಿನ ಹೆಸರಾಗಿತ್ತು.